ಸೆರೆಮನೆಯ ಸ್ವಗತ

32 ವರ್ಷ ಕನ್ನಡ ಪಾಠ ಹೇಳಿದ ನಾನು ಮಕ್ಕಳ ಕೈಯಿಂದ ಎಷ್ಟು ಸಾವಿರ ಸಾಲು ಇಂಪೊಸಿಷನ್ ಬರೆಸಿದ್ದೇನೆಂಬುದರ ಲೆಕ್ಕ ಚಿತ್ರಗುಪ್ತನಿಗೆ ಮಾತ್ರ ಗೊತ್ತು. ‘ನಾನು ಇನ್ನು ಮುಂದೆ ತಡವಾಗಿ ಬರುವುದಿಲ್ಲ’ ಎಂದು 100 ಸಲ. ‘ಮನೆಗೆಲಸವನ್ನು ತಪ್ಪದೆ ಮಾಡುತ್ತೇನೆ’ ಎಂದು 200 ಸಲ. ಹುಡುಗರಲ್ಲಿ ಜಾಣರಾದವರು ಮೊದಲು ‘ನಾನು’ ಎಂಬುದೊಂದನ್ನೇ ಹಾಳೆಯ ಮೇಲಿನಿಂದ ಕೆಳಗಿನವರೆಗೆ ಬರೆದು, ಆಮೇಲೆ ಅದರ ಪಕ್ಕದಲ್ಲಿ ‘ಇನ್ನು’ ಎಂಬುದನ್ನು ಬರೆದು, ಹೀಗೆ ಗೋಡೆ ಕಟ್ಟುವವರಂತೆ ವಾಕ್ಯವನ್ನು ಕಟ್ಟಿ ಮುಗಿಸುತ್ತಿದ್ದರು. ಅರ್ಥ ತಲೆಗೆ ತಾಕಬಾರದೆಂಬುದೇ ಆ ಉಪಾಯದ ಗುಟ್ಟು. ಮರುದಿನ ಎಲ್ಲರಿಗಿಂತ ತಡವಾಗಿ ಬರುತ್ತಿದ್ದವರೂ ಅವರೇ. ಇಷ್ಟಾದರೂ ನನಗೆ ಆ ಶಿಕ್ಷೆಯಲ್ಲಿ ನಂಬಿಕೆ ಹೋಗಿರಲಿಲ್ಲ. ಮನುಷ್ಯನು ತನಗೆ ತಾನೇ ಒಂದು ಒಳ್ಳೆಯ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡರೆ ಅದು ಎಂದಾದರೂ ಒಳಗೆ ಇಳಿಯದೆ ಇರಲಾರದೆಂದು ನಾನು ತಿಳಿದಿದ್ದೆ.

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಜಯನಗರದ ನಮ್ಮ ಮನೆಯ ಗೇಟಿನ ಬಳಿ ಒಬ್ಬ ಯುವಕ ನಿಂತಿದ್ದ. “ಮೇಷ್ಟ್ರೇ, ಗುರುತು ಸಿಕ್ತಾ?” ಎಂದ. ಸಿಗಲಿಲ್ಲ. ಕೆನ್ನೆ ಒಳಕ್ಕೆ ಹೋಗಿತ್ತು. ವಯಸ್ಸು 28 ಎಂದು ಆಮೇಲೆ ಲೆಕ್ಕ ಹಾಕಿದೆ, ನೋಡಿದರೆ 40 ಎನ್ನಬಹುದಾಗಿತ್ತು. ಹೆಸರು ಹೇಳಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬನ ಮುಖ ನಿಧಾನವಾಗಿ ನೆನಪಿಗೆ ಬಂತು. ಒಳಗೆ ಕರೆದು ಕೂಡಿಸಿದೆ. ನನ್ನ ಹೆಂಡತಿ ಕಾಫಿ ತಂದಿಟ್ಟಳು. ಅವನು ಲೋಟವನ್ನು ಮುಟ್ಟುವ ಮೊದಲೇ, “ಸಾರ್, ನಾನು ಏಳು ತಿಂಗಳು ಒಳಗಿದ್ದೆ. ಅದನ್ನ ಮೊದಲು ಹೇಳಿಬಿಡ್ತೀನಿ. ಆಮೇಲೆ ಕಾಫಿ ಕುಡೀಬೇಕೋ ಬೇಡವೋ ನೀವೇ ಹೇಳಿ” ಎಂದ.

ಅವನಿದ್ದದ್ದು ಯಾವ ಸೆರೆಮನೆಯೆಂಬುದು ಈ ಲೇಖನಕ್ಕೆ ಬೇಕಾಗಿಲ್ಲ. ಕಾಲೇಜಿನ ಎರಡನೆಯ ವರ್ಷದಲ್ಲಿ ಗಾಂಜಾ. ಅಲ್ಲಿಂದ ಮುಂದೆ ನೋವು ಕಳೆಯುವ ಮಾತ್ರೆಗಳು, ನೋವಿಲ್ಲದೆಯೇ. ತಂದೆಯ ಗಡಿಯಾರ ಹೋಯಿತು, ತಾಯಿಯ ಬಳೆ ಹೋಯಿತು, ಕೊನೆಗೆ ಯಾರದೋ ಸ್ಕೂಟರು. ಸ್ಕೂಟರಿನವರು ತಾಯಿಯಲ್ಲವಾದುದರಿಂದ ಪೊಲೀಸರಿಗೆ ದೂರು ಕೊಟ್ಟರು. ಒಳಗೆ ಹೋದ ಮೊದಲ ವಾರದ ವಿಷಯವನ್ನು ಅವನು ಹೆಚ್ಚು ಹೇಳಲಿಲ್ಲ. ಮೈಕೈ ನೋವು, ಕಣ್ಣು ಮೂಗು ಸೋರುವುದು, ಭೇದಿ, ನಿದ್ರೆಯಿಲ್ಲದ ರಾತ್ರಿ. ಅಷ್ಟನ್ನು ಬೆರಳು ಮಡಿಸಿ ಎಣಿಸಿದ. ಮೈ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಒಂದು ಪುಸ್ತಕ ಸಂಪಾದಿಸಿ ಅದರಲ್ಲಿ ‘ನಾನು ಬಿಡುತ್ತೇನೆ’ ಎಂದು ಬರೆಯತೊಡಗಿದನಂತೆ. “ನೀವು ಕಲಿಸಿದ ವಿದ್ಯೆ ಸಾರ್. 100 ಆಗೋ ಹೊತ್ತಿಗೆ ನಂಗೇ ನಗು ಬಂತು. ಎಷ್ಟು ಸಲ ಬಿಟ್ಟಿಲ್ಲ ನಾನು! ಅಮ್ಮನ ಮೇಲೆ ಆಣೆ ಇಟ್ಟು ಬಿಟ್ಟಿದ್ದೀನಿ, ಮಂಜುನಾಥನ ಮೇಲೆ ಆಣೆ ಇಟ್ಟು ಬಿಟ್ಟಿದ್ದೀನಿ. ಬರೆದಷ್ಟೂ ‘ಸುಳ್ಳು, ಸುಳ್ಳು’ ಅಂತ ಒಳಗಿಂದ ಯಾರೋ ಹೇಳ್ತಾ ಇದ್ರು. ಪುಸ್ತಕ ಎಸೆದೆ.”

ನಾನು ತಲೆ ತಗ್ಗಿಸಿ ಕಾಫಿ ಕುಡಿದೆ. ಅವನೂ ಕುಡಿದ.

ಒಳ್ಳೆಯ ಮಾತನ್ನು ತನಗೆ ತಾನೇ ಹೇಳಿಕೊಳ್ಳುವುದು ಒಂದು ಚಿಕಿತ್ಸೆಯಾಗಬಲ್ಲದೆಂಬ ನಂಬಿಕೆ ಹೊಸದಲ್ಲ. ಫ್ರಾನ್ಸಿನ ನಾನ್ಸಿ ಎಂಬ ಊರಿನಲ್ಲಿ ಎಮಿಲ್ ಕುವೇ ಎಂಬ ಔಷಧ ವ್ಯಾಪಾರಿಯಿದ್ದ (1857–1926). ದಿನದಿನಕ್ಕೂ ತಾನು ಎಲ್ಲ ವಿಧದಲ್ಲಿಯೂ ಉತ್ತಮನಾಗುತ್ತಿದ್ದೇನೆಂಬ ಅರ್ಥದ ಒಂದು ವಾಕ್ಯವನ್ನು ಬೆಳಿಗ್ಗೆ 20 ಸಲ, ರಾತ್ರಿ 20 ಸಲ ಹೇಳಿಕೊಳ್ಳಬೇಕೆಂದು ಆತ ರೋಗಿಗಳಿಗೆ ವಿಧಿಸುತ್ತಿದ್ದ. ಎಣಿಕೆ ತಪ್ಪದಿರಲೆಂದು 20 ಗಂಟು ಹಾಕಿದ ದಾರವೂ ಉಂಟು. ನಮ್ಮ ಜಪಮಣಿಯ ಫ್ರೆಂಚ್ ಸೋದರನೆನ್ನಬಹುದು. ಯೂರೋಪು ಅಮೆರಿಕಗಳೆರಡರಲ್ಲಿಯೂ ಆತನ ಕೀರ್ತಿ ಹಬ್ಬಿತು. ಇಂದಿಗೂ ಸಂಸ್ಥೆಗಳ ಗೋಡೆಗಳ ಮೇಲೆ ದಪ್ಪಕ್ಷರದಲ್ಲಿ ಬರೆಸುವ ‘ನಾನು ಗೆಲ್ಲುತ್ತೇನೆ’ ಮುಂತಾದ ವಾಕ್ಯಗಳೆಲ್ಲ ಕುವೇಯ ಮೊಮ್ಮಕ್ಕಳೇ.

ಆದರೆ 2009ರಲ್ಲಿ ಕೆನಡಾದ ಜೋಆನ್ ವುಡ್ ಎಂಬ ಮನಶ್ಶಾಸ್ತ್ರಜ್ಞೆಯೂ ಅವರ ಜೊತೆಗಾರರೂ ಒಂದು ವಿಚಾರವನ್ನು ಪ್ರಕಟಿಸಿದರು. ತಾನು ಪ್ರೀತಿಗೆ ಅರ್ಹನೆಂಬ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯವಿದ್ದವರಿಗೆ ಅಷ್ಟಿಷ್ಟು ಲಾಭವಾಯಿತು. ತಮ್ಮನ್ನು ತಾವೇ ಹೀನವಾಗಿ ಕಾಣುತ್ತಿದ್ದವರಿಗೆ ಮನಸ್ಸು ಇನ್ನಷ್ಟು ಕುಗ್ಗಿತು. ಅಂದರೆ ಔಷಧ ಯಾರಿಗೆ ಬೇಕೋ ಅವರಿಗೇ ಅದು ಒಗ್ಗುವುದಿಲ್ಲ. ಉಂಡವನಿಗೆ ಊಟ ಬಡಿಸಿದ ಹಾಗಾಯಿತು. ಕಾರಣವನ್ನು ನನ್ನ ಶಿಷ್ಯ ಆಗಲೇ ಹೇಳಿದ್ದಾನೆ: ನಂಬಲಾರದ ಮಾತನ್ನು ಹೇಳಿಕೊಂಡರೆ ಒಳಗಿನ ಸಾಕ್ಷಿ ಎದ್ದು ನಿಂತು ವಿರುದ್ಧವಾಗಿ ನುಡಿಯುತ್ತದೆ. ಹತ್ತು ಸಲ ಬಿಟ್ಟು ಹನ್ನೊಂದು ಸಲ ಹಿಡಿದವನ ಒಳಗೆ ಆ ಸಾಕ್ಷಿಗೆ ಪುರಾವೆ ಕಡಿಮೆಯಿಲ್ಲ.

ಇದರಿಂದ ಸ್ವಗತವೇ ನಿಷ್ಪ್ರಯೋಜಕವೆಂದು ನಾನು ಹೇಳಹೊರಟಿಲ್ಲ. ಹೇಳಬೇಕೆಂದಿರುವುದು ಬೇರೆ. ಆ ಮಾತು ಅವನದೇ ಆಗಿರಬೇಕು; ಅವನು ಉತ್ತರಿಸಬಲ್ಲಷ್ಟು ಚಿಕ್ಕದಾಗಿರಬೇಕು; ಉತ್ತರ ನಿಜವಾಗುವುದಕ್ಕೆ ಹೊರಗೆ ಸ್ವಲ್ಪ ಎಡೆಯಿರಬೇಕು. ಹುಡುಗ ಪುಸ್ತಕ ಎಸೆದ ಮೇಲೆ ಏನಾಯಿತೆಂಬುದನ್ನು ಕೇಳಿ.

“ಒಂದಿನ ರಾತ್ರಿ ಸಾರ್, ನಿದ್ದೆ ಬರ್ಲಿಲ್ಲ. ಬೇಕು ಅನ್ನಿಸ್ತಾ ಇತ್ತು. ಆಗ ನಮ್ಮಮ್ಮ ಕೇಳೋ ಥರ ನನ್ನನ್ನ ನಾನೇ ಕೇಳ್ದೆ: ಏನೋ, ಬೆಳಗಾಗೋ ತನಕ ಇರ್ತೀಯೇನೋ? ಹೆಸರು ಹಿಡಿದು ಕೇಳ್ದೆ. ಬೆಳಗಾಗೋ ತನಕ ತಾನೆ, ಇರ್ತೀನಿ ಅಂದೆ. ಇದ್ದೆ. ಬೆಳಗಾದ ಮೇಲೆ ಮತ್ತೆ ಕೇಳ್ದೆ: ಊಟದ ಗಂಟೆ ತನಕ ಇರ್ತೀಯೇನೋ?”

ಕನ್ನಡ ಮೇಷ್ಟ್ರಾದ ನನಗೆ ಇಲ್ಲಿ ವ್ಯಾಕರಣ ಕಂಡಿತು, ವಾಚಕರು ಕ್ಷಮಿಸಬೇಕು. ‘ಬಿಡುತ್ತೇನೆ’ ಎಂಬುದಕ್ಕೂ ‘ಬಿಡುತ್ತೇನೆಯೆ?’ ಎಂಬುದಕ್ಕೂ ನಡುವೆ ಇರುವುದು ಒಂದೇ ಅಕ್ಷರ. 2010ರಲ್ಲಿ ಇಬ್ರಾಹಿಂ ಸೆನಾಯ್, ಡೊಲೊರೆಸ್ ಅಲ್ಬರಸೀನ್ ಮೊದಲಾದವರು ಅಮೆರಿಕದಲ್ಲಿ ಈ ಒಂದಕ್ಷರವನ್ನೇ ಪರೀಕ್ಷಿಸಿದರು. ಕೈಬರಹದ ಪರೀಕ್ಷೆಯೆಂಬ ನೆಪ ಹೇಳಿ ಕೆಲವರ ಕೈಯಲ್ಲಿ ‘ಮಾಡುತ್ತೇನೆ’ ಎಂಬರ್ಥದ ಇಂಗ್ಲಿಷ್ ಪದಗಳನ್ನೂ, ಇನ್ನು ಕೆಲವರ ಕೈಯಲ್ಲಿ ‘ಮಾಡುತ್ತೇನೆಯೆ’ ಎಂಬರ್ಥದವನ್ನೂ ಸಾಲುಸಾಲಾಗಿ ಬರೆಸಿದರು. ಸಾಕ್ಷಾತ್ ಇಂಪೊಸಿಷನ್! ಆಮೇಲೆ ಅಕ್ಷರ ಪಲ್ಲಟದ ಒಗಟುಗಳನ್ನು ಕೊಟ್ಟರೆ, ಪ್ರಶ್ನೆಯನ್ನು ಬರೆದವರು ಹೆಚ್ಚು ಬಿಡಿಸಿದರು. ಇದು ವಿದ್ಯಾರ್ಥಿಗಳ ಮೇಲೆ ಮಾಡಿದ ಸಣ್ಣ ಪ್ರಯೋಗ. ಒಗಟು ಬಿಡಿಸುವುದಕ್ಕೂ ಚಟ ಬಿಡುವುದಕ್ಕೂ ಬಹಳ ದೂರ. ಆದರೂ ನನ್ನ 32 ವರ್ಷದ ಶಿಕ್ಷೆಯಲ್ಲಿ ಆ ಒಂದಕ್ಷರವನ್ನು ಸೇರಿಸಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸದಿರಲು ಆಗಲಿಲ್ಲ. ಪ್ರತಿಜ್ಞೆಯೆಂಬುದು ಮಾತನ್ನು ಮುಗಿಸಿಬಿಡುತ್ತದೆ. ಪ್ರಶ್ನೆ ಹಾಗಲ್ಲ, ಅದು ಕೇಳಿಸಿಕೊಂಡವನಿಂದ ಕಾರಣವನ್ನು ಹುಡುಕಿಸುತ್ತದೆ, ಆ ಕಾರಣ ಅವನದೇ ಆಗಿರುತ್ತದೆ.

ಹೆಸರು ಹಿಡಿದು ಕೇಳಿದೆ ಎಂದನಲ್ಲ, ಅದೂ ಗಮನಿಸತಕ್ಕ ಮಾತೇ. ಮನುಷ್ಯನು ಸಂಕಟದಲ್ಲಿರುವಾಗ ‘ನಾನು’ ಎನ್ನದೆ ತನ್ನ ಹೆಸರು ಹಿಡಿದೋ ‘ನೀನು’ ಎಂದೋ ತನ್ನೊಡನೆ ಮಾತನಾಡಿಕೊಂಡರೆ ಉದ್ವೇಗ ತಗ್ಗುತ್ತದೆಂದು ಈಥನ್ ಕ್ರಾಸ್ ಎಂಬ ವಿದ್ವಾಂಸರ ತಂಡ 2014ರಲ್ಲಿ ತೋರಿಸಿತು. ಕನ್ನಡಿಗರಿಗೆ ಇದು ಕೇಳಿ ಆಶ್ಚರ್ಯವಾಗಬೇಕಾಗಿಲ್ಲ. ನಮ್ಮ ದಾಸರು ಮನಸ್ಸನ್ನು ಎದುರಿಗೆ ಕೂಡಿಸಿಕೊಂಡು ಬೈದದ್ದೆಷ್ಟು, ರಮಿಸಿದ್ದೆಷ್ಟು! ಇದೇ ದಕ್ಷಿಣ ಬೆಂಗಳೂರಿನ ಬಸವನಗುಡಿಯಲ್ಲಿ ಬಾಳಿದ ಡಿ. ವಿ. ಗುಂಡಪ್ಪನವರು 1943ರಲ್ಲಿ ಪ್ರಕಟಿಸಿದ ಕಗ್ಗದಲ್ಲಿ ಉಪದೇಶ ಯಾರಿಗೆ? ಲೋಕಕ್ಕಲ್ಲ, ಮಂಕುತಿಮ್ಮನಿಗೆ. ಕವಿ ತನಗೇ ಒಂದು ಮಂಕು ಹೆಸರಿಟ್ಟುಕೊಂಡು, ಪದ್ಯದ ಕೊನೆಗೆ ಆ ಹೆಸರು ಹಿಡಿದು ಕರೆದು ಬುದ್ಧಿ ಹೇಳಿಕೊಂಡಿದ್ದಾರೆ. ತಾನು ಗೆದ್ದವನೆಂದು ಅಲ್ಲಿ ಎಲ್ಲಿಯೂ ಘೋಷಣೆಯಿಲ್ಲ. ಆದುದರಿಂದಲೇ ಅದನ್ನು ಓದುವ ಸೋತವನಿಗೆ ನಾಚಿಕೆಯಾಗುವುದಿಲ್ಲ.

ಹೀಗೆ ಮಾತನಾಡಿಕೊಳ್ಳಬೇಕಾದವರು ನಮ್ಮ ನೆರೆಯಲ್ಲಿ ಎಷ್ಟು ಮಂದಿ? ಜಯನಗರದ ಮಗ್ಗುಲಲ್ಲೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅದೇ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ದಾಟಿ ದಕ್ಷಿಣಕ್ಕೆ ಹೋಗಿ ಎಡಕ್ಕೆ ತಿರುಗಿದರೆ ಪರಪ್ಪನ ಅಗ್ರಹಾರ. ಅಗ್ರಹಾರವೆಂದರೆ ಒಂದು ಕಾಲದಲ್ಲಿ ವಿದ್ವಾಂಸರಿಗೆ ದಾನ ಕೊಟ್ಟ ಊರು. ಈಗ ಬೆಂಗಳೂರಿನಲ್ಲಿ ಒಬ್ಬನು ಅಗ್ರಹಾರಕ್ಕೆ ಹೋದನೆಂದರೆ ವೇದಾಧ್ಯಯನಕ್ಕೆಂದು ಯಾರೂ ತಿಳಿಯುವುದಿಲ್ಲ. ಶೇಷಾದ್ರಿ ರಸ್ತೆಯ ಹಳೆಯ ಕೇಂದ್ರ ಕಾರಾಗೃಹ 2000ದಲ್ಲಿ ಅಲ್ಲಿಗೆ ಸಾಗಿತು. 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗದ ಮೆಟ್ರೊದಲ್ಲಿ ಆರ್. ವಿ. ರಸ್ತೆಯಿಂದ ಹತ್ತಿದರೆ ಹೊಸ ರಸ್ತೆ ನಿಲ್ದಾಣದಲ್ಲಿಳಿದು ಅದರ ಸಮೀಪಕ್ಕೆ ಹೋಗಬಹುದು. ಅಷ್ಟು ಹತ್ತಿರ, ಮನಸ್ಸಿನಲ್ಲಿ ಮಾತ್ರ ಅಷ್ಟು ದೂರ. ಅಲ್ಲಿನ 5024 ಬಂದಿಗಳನ್ನು ನಿಮ್ಹಾನ್ಸಿನ ವೈದ್ಯರು ಪರೀಕ್ಷಿಸಿ 2011ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಮನೋವ್ಯಾಧಿ ಅಥವಾ ಮಾದಕ ವಸ್ತುಗಳ ತೊಂದರೆ, ಎರಡರಲ್ಲೊಂದು ಇದ್ದವರು ನೂರಕ್ಕೆ ಸುಮಾರು 80. ಇದರಲ್ಲಿ ಹೊಗೆಸೊಪ್ಪಿನ ಚಟವೂ ಸೇರಿದೆಯೆಂಬುದನ್ನು ಮರೆಯಬಾರದು. ಆದರೆ ಮಾದಕ ವಸ್ತುಗಳ ಲೆಕ್ಕವನ್ನು ಪೂರ್ತಿಯಾಗಿ ತೆಗೆದುಹಾಕಿದರೂ ನೂರಕ್ಕೆ ಸುಮಾರು 28 ಮಂದಿಯಲ್ಲಿ ಬೇರೆ ಮನೋವ್ಯಾಧಿ ಉಳಿಯುತ್ತಿತ್ತು. ಆ ಅಗ್ರಹಾರದಲ್ಲಿ ವೈದ್ಯನಿಗೆ ಕೆಲಸವಿದೆಯೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ವೈದ್ಯನೆಂದು ಬೇಕೆಂದೇ ಹೇಳಿದೆ. ಮನೋಬಲವೊಂದಿದ್ದರೆ ಸಾಕೆಂಬ ಮಾತು ನಮ್ಮಲ್ಲಿ ಬಹಳ ಜನಪ್ರಿಯ, ಏಕೆಂದರೆ ಅದಕ್ಕೆ ಖರ್ಚಿಲ್ಲ. ವರ್ಷಗಟ್ಟಲೆ ಕುಡಿದವನು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಸೆಳವು ಬರಬಹುದು, ಸನ್ನಿ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಅಫೀಮಿನ ಜಾತಿಯ ಮಾದಕಗಳಿಗೆ ಬುಪ್ರನಾರ್ಫಿನ್, ಮೆಥಡೋನ್‌ಗಳಂಥ ಬದಲಿ ಔಷಧಗಳಿವೆ. ದೆಹಲಿಯ ತಿಹಾರ್ ಸೆರೆಮನೆಯಲ್ಲಿ ಇಂಥ ಚಿಕಿತ್ಸೆ 2008ರಲ್ಲೇ ಆರಂಭವಾಯಿತು. ಔಷಧವನ್ನು ಕೊಡದೆ ಸುಭಾಷಿತವನ್ನು ಮಾತ್ರ ಕೊಡುವುದು ಕಾಲು ಮುರಿದವನಿಗೆ ನಡಿಗೆಯ ಮಹತ್ತ್ವವನ್ನು ಬೋಧಿಸಿದಂತೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮದ್ಯ ಮತ್ತು ಮಾದಕಗಳಿಂದಾಗುವ ಮನೋವಿಕಾರವನ್ನು ರೋಗವೆಂದೇ ಗಣಿಸಿದೆ. ಪ್ರತಿಯೊಂದು ರಾಜ್ಯದಲ್ಲಿ ಕಡೆಗೆ ಒಂದು ಸೆರೆಮನೆಯ ವೈದ್ಯವಿಭಾಗದಲ್ಲಾದರೂ ಮಾನಸಿಕ ಚಿಕಿತ್ಸೆಯ ಏರ್ಪಾಡಿರಬೇಕೆಂದು ವಿಧಿಸಿದೆ. ಒಂದಾದರೂ! ಕಾಯಿದೆ ಬರೆದವರಿಗೆ ನಮ್ಮ ಸ್ವಭಾವ ಚೆನ್ನಾಗಿ ತಿಳಿದಿರಬೇಕು.

ಔಷಧದ ಜೊತೆಗೆ ಮಾತೂ ಬೇಕು; ಆದರೆ ಯಾರ ಮಾತು? ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1983ರಲ್ಲಿ ಕುಡುಕರ ಚಿಕಿತ್ಸೆಯ ಅನುಭವದಿಂದ ಒಂದು ಪದ್ಧತಿಯನ್ನು ವಿವರಿಸಿದರು. ಅದರ ತಿರುಳು ಸರಳ. ಚಿಕಿತ್ಸಕನು ಬಿಡುವ ಪಕ್ಷವನ್ನು ಹಿಡಿದು ವಾದಿಸಿದರೆ, ರೋಗಿಗೆ ಉಳಿಯುವುದು ಬಿಡದಿರುವ ಪಕ್ಷ. ಅವನು ಅದನ್ನೇ ವಾದಿಸುತ್ತಾನೆ. ವಾದಿಸಿದಷ್ಟೂ ಅದರಲ್ಲಿ ಗಟ್ಟಿಯಾಗುತ್ತಾನೆ. ಆದುದರಿಂದ ಬಿಡಬೇಕೆಂಬ ಮಾತು ರೋಗಿಯ ಬಾಯಿಂದಲೇ ಬರುವ ಹಾಗೆ ಕೇಳಬೇಕು, ಕಾಯಬೇಕು. ಹದಿಹರೆಯದ ಮಕ್ಕಳ ತಂದೆತಾಯಿಗಳಿಗೆ ಇದು ಅನುಭವದಿಂದ ಗೊತ್ತು, ಮೇಷ್ಟರುಗಳಿಗೆ ಮಾತ್ರ ನಿವೃತ್ತಿಯಾದ ಮೇಲೆ ಗೊತ್ತಾಗುತ್ತದೆ. ಬಂದಿಯ ಮಟ್ಟಿಗೆ ತೊಡಕು ಇನ್ನೂ ಹೆಚ್ಚು. ಅವನು ಆಡುವ ಒಳ್ಳೆಯ ಮಾತನ್ನು ಯಾರು ನಂಬುತ್ತಾರೆ? ಜಾಮೀನಿಗಾಗಿ ಆಡಿದ್ದು, ಅಧಿಕಾರಿಗಳ ಮೆಚ್ಚುಗೆಗಾಗಿ ಆಡಿದ್ದು ಎಂದು ಕೇಳುವವರ ಸಂಶಯ. ಕೊನೆಗೆ ಅವನಿಗೇ ಆ ಸಂಶಯ ಹತ್ತಿಕೊಳ್ಳುತ್ತದೆ. ಹಳೆಯ ಸಂಸ್ಕೃತ ನಾಟಕಗಳಲ್ಲಿ ಪಾತ್ರದ ಮಾತಿಗೆ ‘ಸ್ವಗತ’ ‘ಪ್ರಕಾಶ’ ಎಂದು ಎರಡು ಸೂಚನೆಗಳುಂಟು: ತನಗೆ ಹೇಳಿಕೊಂಡದ್ದು ಒಂದು, ಎಲ್ಲರಿಗೂ ಕೇಳುವಂತೆ ಹೇಳಿದ್ದು ಒಂದು. ಸೆರೆಮನೆಯಲ್ಲಿ ಎಲ್ಲವೂ ಪ್ರಕಾಶವೇ. ಮಲಗುವಾಗಲೂ ಮಗ್ಗುಲಲ್ಲಿ ಇನ್ನೊಬ್ಬನಿರುವ ಕಡೆ ಸ್ವಗತಕ್ಕೆ ಜಾಗವೆಲ್ಲಿ?

ಮೈಸೂರಿನ ಕಾರಾಗೃಹದ ಬಂದಿಗಳಿಂದ ಹುಲುಗಪ್ಪ ಕಟ್ಟೀಮನಿಯವರು ನಾಟಕಗಳನ್ನು ಆಡಿಸಿದ್ದು ನೆನಪಾಗುತ್ತದೆ. ಮ್ಯಾಕ್‌ಬೆತ್‌ನಿಂದ ಹುಟ್ಟಿದ ಎಚ್. ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ ಅವುಗಳಲ್ಲೊಂದು. ಪರರ ಮಾತನ್ನು ವೇಷ ಹಾಕಿಕೊಂಡು ಆಡುವಾಗ ತನ್ನ ಮಾತಿಗೆ ಎಲ್ಲೋ ಒಂದು ಕದ ತೆರೆಯುತ್ತದೆಯೆಂದು ನನಗೆ ತೋರುತ್ತದೆ. ಗೋಡೆಬರಹಕ್ಕಿಂತ ಅದು ನೂರು ಪಾಲು ಮೇಲು.

ಇನ್ನು ಹೊರಗೆ ಬರುವ ದಿನ. ಒಳಗೆ ಬಿಟ್ಟಿದ್ದವನು ಹೊರಗೆ ಬಂದ ಮೇಲೂ ಬಿಟ್ಟಿದ್ದರೆ ತಾನೆ ಅದು ಬಿಟ್ಟಂತೆ? ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ ಸುಮಾರು 30,000 ಮಂದಿಯ ಲೆಕ್ಕವನ್ನು 2007ರಲ್ಲಿ ಪ್ರಕಟಿಸಿದರು. ಬಿಡುಗಡೆಯ ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಸಂಭವ ಇತರ ಜನರಿಗಿಂತ 12.7 ಪಟ್ಟು, ಮಾದಕ ವಸ್ತುವಿನ ಅತಿಸೇವನೆಯಿಂದ ಸಾಯುವ ಸಂಭವ 129 ಪಟ್ಟು. ತಿಂಗಳುಗಟ್ಟಲೆ ಬಿಟ್ಟವನ ಮೈ ಹಳೆಯ ಸಹನೆಯನ್ನು ಕಳೆದುಕೊಂಡಿರುತ್ತದೆ. ಮನಸ್ಸು ಮಾತ್ರ ಹಳೆಯ ಅಳತೆಯನ್ನೇ ನೆನಪಿಟ್ಟಿರುತ್ತದೆ. ‘ನಾನು ಗೆದ್ದೆ’ ಎಂಬ ಉತ್ಸಾಹದಲ್ಲಿ, ಒಂದೇ ಸಲ ಎಂದು, ಮೊದಲಿನಷ್ಟನ್ನೇ ತೆಗೆದುಕೊಳ್ಳುತ್ತಾನೆ. ಇಲ್ಲಿ ಜಯಘೋಷವೇ ಪ್ರಾಣಾಂತಿಕ. ನಮ್ಮ ದೇಶದಲ್ಲಿ ಇನ್ನೊಂದು ವಿಶೇಷ: 2022ರ ಸರ್ಕಾರಿ ಅಂಕಿ ಅಂಶಗಳಂತೆ ಬಂದಿಗಳಲ್ಲಿ ನೂರಕ್ಕೆ ಸುಮಾರು 76 ಮಂದಿ ವಿಚಾರಣಾಧೀನರು. ಅವರ ಬಿಡುಗಡೆಗೆ ಗೊತ್ತಾದ ತಾರೀಖಿಲ್ಲ. ಜಾಮೀನು ಸಿಕ್ಕಿದ ಸಂಜೆ ಹೊರಗೆ. ಚೀಟಿಯಿಲ್ಲ, ಔಷಧವಿಲ್ಲ, ಹೋಗಬೇಕಾದ ಮನೆಯೂ ಹಲವರಿಗಿಲ್ಲ.

ಒಂದು ಸಲ ಜಾರಿದನೆನ್ನಿ. ಆಗ ಅವನು ತನಗೆ ಏನು ಹೇಳಿಕೊಳ್ಳುತ್ತಾನೆಂಬುದರ ಮೇಲೆ ಮುಂದಿನದೆಲ್ಲ ನಿಂತಿದೆಯೆಂದು ಅಲನ್ ಮಾರ್ಲಟ್ ಎಂಬ ವಿದ್ವಾಂಸರು ಬಹಳ ಹಿಂದೆಯೇ ತೋರಿಸಿದರು. ಜಾರಿದ್ದಕ್ಕಿಂತ, ‘ನಾನು ಇಷ್ಟೇ’ ಎಂದುಕೊಳ್ಳುವುದೇ ಪೂರ್ತಿ ಬೀಳಿಸುತ್ತದೆ. ಈ ಮಾತಿಗೆ ನಮ್ಮ ಭಾಷೆ ಒಂದು ಸಿದ್ಧ ಗಾದೆಯನ್ನೇ ಒದಗಿಸಿದೆ: ಮುಳುಗಿದವನಿಗೆ ಚಳಿಯೇನು, ಮಳೆಯೇನು. ಅವನು ಮರೆತರೆ ನಾವು ನೆನಪಿಸಲು ಸಿದ್ಧರಾಗಿದ್ದೇವೆ: ಹುಟ್ಟುಗುಣ ಸುಟ್ಟರೂ ಹೋಗದು; ನಾಯಿಬಾಲ ಡೊಂಕು. ಗಾದೆಗಳನ್ನು ಪ್ರೀತಿಸಿ ಪಾಠ ಹೇಳಿದವನು ನಾನು. ಈ ಮೂರನ್ನು ಮಾತ್ರ ಈಗ ಬಾಯಿಗೆ ತರಲಾರೆ. ತನ್ನ ಪ್ರಶ್ನೆಗೆ ಅವನು ಉತ್ತರ ಹುಡುಕುವ ಮೊದಲೇ ನಾವು ಅವನ ಪರವಾಗಿ ‘ಆಗುವುದಿಲ್ಲ’ ಎಂದು ಉತ್ತರಿಸಿಬಿಡುತ್ತೇವೆ. 1985ರ ಮಾದಕ ವಸ್ತುಗಳ ಕಾಯಿದೆ, ಕಠಿಣವೆಂದು ಹೆಸರಾದದ್ದು, ನಮ್ಮಷ್ಟು ಕಠಿಣವಲ್ಲ. ಅದರ 39ನೆಯ ಕಲಮಿನಂತೆ ನ್ಯಾಯಾಲಯವು ವ್ಯಸನಿಯಾದ ಕೆಲವು ಬಗೆಯ ಅಪರಾಧಿಗಳನ್ನು ಚಿಕಿತ್ಸೆಗಾಗಿ ಬಿಡಬಹುದು. 64ಎ ಕಲಮಿನಂತೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಯಿರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಹೋದರೆ ಮೊಕದ್ದಮೆಯಿಂದ ವಿನಾಯಿತಿಯುಂಟು. ಇದನ್ನು ಎಷ್ಟು ಮನೆಗಳಲ್ಲಿ ಬಲ್ಲರು? ಸಹಾಯಕ್ಕೆ 14446 ಎಂಬ ಉಚಿತ ದೂರವಾಣಿಯಿದೆ, ಮನಸ್ಸಿನ ತೊಂದರೆಗಳಿಗೆ 14416 ಇದೆ. ಹುಡುಗ ಸ್ಕೂಟರು ಕದಿಯುವ ಮೊದಲು ನನ್ನ ಬಳಿಗೆ ಬಂದಿದ್ದರೆ ನಾನು ಯಾವುದನ್ನು ಹೇಳುತ್ತಿದ್ದೆ? ಬಹುಶಃ ಗಾದೆಯನ್ನು.

ಆ ಭಾನುವಾರ ಅವನು ಬಂದದ್ದು ಒಂದು ಕೋಣೆಯನ್ನು ಹುಡುಕಿಕೊಂಡು. ಬನಶಂಕರಿಯ ಒಂದು ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿತ್ತು. ಹಳೆಯ ಬೀದಿಗೆ ಮರಳಬಾರದೆಂದು ವೈದ್ಯರು ಹೇಳಿದ್ದರು. ಅಲ್ಲಿ ಪ್ರತಿ ತಿರುವಿನಲ್ಲೂ ಒಬ್ಬ ಗೆಳೆಯ. ಜೆ. ಪಿ. ನಗರದಲ್ಲಿ ಇಬ್ಬರು, ಬಿ.ಟಿ.ಎಂ. ಬಡಾವಣೆಯಲ್ಲಿ ಮೂವರು ಮನೆಯವರು ಮುಂಗಡದ ಮಾತಾದ ಮೇಲೆ ವಿಷಯ ತಿಳಿದು ಇಲ್ಲವೆಂದಿದ್ದರು. ನಮ್ಮ ಮಹಡಿಯ ಮೇಲಿನ ಕೋಣೆ ಎರಡು ತಿಂಗಳಿನಿಂದ ಖಾಲಿ. ಗೇಟಿನ ಮೇಲೆ ‘ಬಾಡಿಗೆಗೆ ಇದೆ’ ಎಂಬ ಫಲಕ. ಅವನು ಅದನ್ನು ನೋಡಿಯೇ ಬಂದಿದ್ದ, ಕೇಳಲಿಲ್ಲ. ನಾನೂ ಹೇಳಲಿಲ್ಲ. ‘ವಿಚಾರಿಸುತ್ತೇನೆ, ಮುಂದಿನ ವಾರ ಬಾ’ ಎಂದೆ. ಅವನು ಹೋದ ಮೇಲೆ ನನ್ನ ಹೆಂಡತಿ ಲೋಟಗಳನ್ನು ಎತ್ತಿಕೊಳ್ಳುತ್ತ, “ಯಾರನ್ನ ವಿಚಾರಿಸ್ತೀರಿ?” ಎಂದು ಕೇಳಿದಳು.

ಮುಂದಿನ ತಿಂಗಳ ಒಂದನೆಯ ತಾರೀಖು ಅವನು ಬಂದು ನೆಲೆಸಿದ. ಈಗ ಒಂಬತ್ತು ತಿಂಗಳಾಯಿತು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುತ್ತಾನೆ. ನಡುವೆ ಒಂದು ಸಲ ಜಾರಿದ. ಮರುದಿನ ತಾನೇ ಕೆಳಗೆ ಬಂದು ಹೇಳಿದ, ನಾವು ಹೆಚ್ಚು ಮಾತನಾಡಲಿಲ್ಲ, ಸಂಜೆ ವೈದ್ಯರಲ್ಲಿಗೆ ಹೋಗಿ ಬಂದ. ಕೆಲವು ರಾತ್ರಿ ಮಹಡಿಯ ಮೇಲೆ ಅವನು ಓಡಾಡುವ ಸಪ್ಪಳ ಕೇಳುತ್ತದೆ. ಬೀರುವಿನ ಬೀಗದ ಕೈ ಮೊದಲು ಗೋಡೆಯ ಮೊಳೆಗೆ ತೂಗುತ್ತಿತ್ತು. ಅವನು ಬಂದಂದಿನಿಂದ ಅದನ್ನು ನಾನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಅದು ಅವನಿಗೆ ಗೊತ್ತು.